ಉಜ್ಜಿದ ರೂಪಾಯಿ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಮ್ಮ ಮನೆಯಲ್ಲಿ ಹುಣಿಸೆಹಣ್ಣಿಗೆ ಎಲ್ಲಿಲ್ಲದ ಬೇಡಿಕೆ. ಸಾರಿಗಲ್ಲ, ತಿಕ್ಕುವುದಕ್ಕೆ. ಹಿತ್ತಾಳೆ ದೀಪ, ತಾಮ್ರದ ಚೊಂಬು, ಬೆಳ್ಳಿಯ ಕುಂಕುಮದ ಭರಣಿ, ಪಂಚಪಾತ್ರೆ, ಕೊನೆಗೆ ಕಲಶದ ಮುಂದೆ ಇಡುವ ಬೆಳ್ಳಿ ರೂಪಾಯಿಗಳು, ಎಲ್ಲವೂ ಹಿತ್ತಿಲ ಕಟ್ಟೆಗೆ ಬಂದು ಸಾಲಾಗಿ ಕೂರುತ್ತವೆ. ಶಂಕರಘಟ್ಟದ ಶ್ರಾವಣವೆಂದರೆ ನಿಮಗೆ ಗೊತ್ತಿರಬಹುದು. ಭದ್ರಾ ಅಣೆಕಟ್ಟಿನ ಕಡೆಯಿಂದ ಬೀಸುವ ತೇವದ ಗಾಳಿಗೆ ಉಪ್ಪಿನ ಭರಣಿ ನೀರೊಡೆಯುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಬೆಳ್ಳಿ ಕಪ್ಪಾದರೆ ಮನೆಯೊಡತಿಯ ಮುಖವೂ ಕಪ್ಪಾಗಬೇಕೆಂಬುದು ನಮ್ಮ ಹೆಂಗಸರ ಅಲಿಖಿತ ಕಾನೂನು. ನಾನೂ ಆ ಕಾನೂನಿಗೆ ತಲೆಬಾಗಿ ಮೂವತ್ತು ವರ್ಷ ತಿಕ್ಕಿದವಳೇ. ಆದ್ದರಿಂದ ಈಗ ನಾನು ಮಾಡಹೊರಟಿರುವ ಟೀಕೆ ಮೊದಲು ನನ್ನ ಕೈಗೇ ತಗಲುತ್ತದೆ.

2009ರ ಶ್ರಾವಣದಲ್ಲಿ ನನ್ನ ಅಮ್ಮ ತೀರ್ಥಹಳ್ಳಿ ಕಡೆಯ ಊರಿನಿಂದ ಬಂದು ನಮ್ಮ ಮನೆಯಲ್ಲಿದ್ದಳು. ಮೈಯಲ್ಲಿ ಸೌಖ್ಯವಿರಲಿಲ್ಲ. ಬರುವಾಗ ತನ್ನ ಬೆಳ್ಳಿಯ ಗಂಟನ್ನೂ ತಂದಿದ್ದಳು. ಅದರಲ್ಲಿ ಏಳು ರೂಪಾಯಿಗಳು. ಆರು ಒಂದು ಬಟ್ಟೆಯ ಚೀಲದಲ್ಲಿ, ಏಳನೆಯದು ಬೇರೆಯಾಗಿ, ಹಳೆಯ ಉಲ್ಲನ್ ತುಂಡಿನಲ್ಲಿ ಸುತ್ತಿದ್ದು. ಬಿಚ್ಚಿ ನೋಡಿದರೆ ಅದರ ಬಣ್ಣವೇ ಬಣ್ಣ! ನಡುವೆ ಜೇನುತುಪ್ಪದ ಹಳದಿ, ಅದರಾಚೆ ನೇರಳೆ ಹಣ್ಣಿನ ರಸ ಒಣಗಿದಂತೆ, ಅಂಚಿನಲ್ಲಿ ನವಿಲ ಕತ್ತಿನ ನೀಲಿ. ಚೆಂದವೆಂದು ನನಗೂ ಅನ್ನಿಸಿತ್ತೇನೋ, ಸುಳ್ಳು ಹೇಳಲಾರೆ. ಆದರೆ ದೇವರ ಮುಂದೆ ಇಡುವ ವಸ್ತು ಹೀಗಿದ್ದರೆ ನೋಡಿದವರು ಏನೆಂದಾರು? ಅಮ್ಮನಿಗೆ ಸಂತೋಷವಾಗಲಿ ಎಂದು, ಅವಳು ಮಲಗಿದ್ದಾಗ, ಏಳನ್ನೂ ಹುಣಿಸೆಯಲ್ಲಿ ನೆನೆಸಿ, ವಿಭೂತಿ ಹಚ್ಚಿ, ಸಾಲದೆಂದು ಹಲ್ಲುಪುಡಿಯಲ್ಲೂ ತಿಕ್ಕಿ, ಆಗತಾನೇ ಟಂಕಸಾಲೆಯಿಂದ ಬಂದಂತೆ ಬೆಳ್ಳಗೆ ಮಾಡಿ ಹರಿವಾಣದಲ್ಲಿ ಜೋಡಿಸಿಟ್ಟೆ.

ಅಮ್ಮ ಎದ್ದು ಬಂದು ನೋಡಿದಳು. ಒಂದೊಂದನ್ನೇ ಎತ್ತಿ ಎತ್ತಿ ಇಟ್ಟಳು. "ನನ್ನದು ಯಾವುದೇ?" ಎಂದಳು.

"ಎಲ್ಲಾ ನಿನ್ನದೇ ಅಲ್ವಾ?"

"ಅದಲ್ಲ, ಮಗೂದು."

ಆಮೇಲೆ ತಿಳಿಯಿತು. 1953ರಲ್ಲಿ ಅಮ್ಮನಿಗೆ ಚೊಚ್ಚಲ ಗಂಡುಮಗು ಹುಟ್ಟಿತ್ತು. ನನಗಿಂತ ಮೊದಲಿನ ಅಣ್ಣ. ತೊಟ್ಟಿಲ ದಿನ ಅಜ್ಜ ಅದರ ಕೈಗೊಂದು ಬೆಳ್ಳಿ ರೂಪಾಯಿ ಇಟ್ಟಿದ್ದರಂತೆ. ಮಗು ಉಳಿಯಲಿಲ್ಲ. ಅದಕ್ಕೆ ಹೆಣೆದಿದ್ದ ಉಲ್ಲನ್ ಟೊಪ್ಪಿಯ ತುಂಡಿನಲ್ಲಿ ಆ ರೂಪಾಯಿಯನ್ನು ಸುತ್ತಿ ಅಮ್ಮ ಐವತ್ತಾರು ವರ್ಷ ಇಟ್ಟುಕೊಂಡಿದ್ದಳು. ನಮಗೆ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಇಂಗ್ಲಿಷ್ ಅಕ್ಷರವಾಗಲಿ ಅಂಕಿಯಾಗಲಿ ಬಾರದು. ಏಳು ರೂಪಾಯಿಗಳಲ್ಲಿ ಅದನ್ನು ಅವಳು ಗುರುತು ಹಿಡಿಯುತ್ತಿದ್ದುದು ಬಣ್ಣದಿಂದ. ಆ ಗುರುತನ್ನು ನಾನು ಹಲ್ಲುಪುಡಿ ಹಾಕಿ ಅಳಿಸಿದ್ದೆ.

ಅಮ್ಮ ಬೈಯಲಿಲ್ಲ. ಆ ಉಲ್ಲನ್ ತುಂಡಿನ ಬಳಿ ಬಿದ್ದಿದ್ದ ಒಂದನ್ನು ನಾನು ಅಂದಾಜಿನಲ್ಲಿ ಎತ್ತಿ ಕೊಟ್ಟೆ. ತಿರುಗಿಸಿ ನೋಡಿ, "ಬೆಳ್ಳಗಾಗಿದೆ" ಎಂದು ಕೆಳಗಿಟ್ಟಳು. ಅಷ್ಟೇ.

ಹಬ್ಬ ಕಳೆದ ಮೇಲೆ ನನಗೆ ಸಮಾಧಾನವಿಲ್ಲ. ಕ್ಯಾಂಪಸ್ಸಿನ ಕ್ವಾರ್ಟರ್ಸಿನಲ್ಲಿ ನಮ್ಮ ನೆರೆಯಲ್ಲಿ ರಸಾಯನಶಾಸ್ತ್ರ ಓದಿದ ಗೆಳತಿಯೊಬ್ಬಳಿದ್ದಳು. ಅವಳ ಅಡುಗೆಮನೆಯಲ್ಲಿ ಕೂತು ಕೇಳಿದೆ, "ಆ ಬಣ್ಣ ಕೊಳೆಯೇನೇ?"

ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಕಬ್ಬಿಣ ತುಕ್ಕು ಹಿಡಿಯುವುದು ಗಾಳಿಯ ಆಮ್ಲಜನಕ ಮತ್ತು ನೀರಿನಿಂದ. ಬೆಳ್ಳಿಗೆ ಆಮ್ಲಜನಕವೊಂದರ ಭಯ ಅಷ್ಟಿಲ್ಲ. ಅದರ ಗಂಟು ಗಂಧಕದೊಡನೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಗಾಳಿಯಲ್ಲಿ ತೀರ ಅಲ್ಪ ಪ್ರಮಾಣದಲ್ಲಿ ಯಾವಾಗಲೂ ಇರುತ್ತದೆ. ಜೌಗು ಮಣ್ಣಿನಿಂದ, ಕೊಳೆವ ಎಲೆಯಿಂದ ಏಳುತ್ತದೆ. ಅದು ತಾಗಿದಲ್ಲಿ ಬೆಳ್ಳಿಯ ಮೇಲ್ಮೈ ಸಿಲ್ವರ್ ಸಲ್ಫೈಡ್ ಆಗುತ್ತದೆ. ತೇವವಿದ್ದರೆ ಕೆಲಸ ಬೇಗ. ಮೊಟ್ಟೆ, ಈರುಳ್ಳಿ, ರಬ್ಬರ್ ಬ್ಯಾಂಡು, ಕೆಲವು ರಟ್ಟು ಕಾಗದಗಳು, ಇವುಗಳಲ್ಲೆಲ್ಲ ಗಂಧಕವಿದೆ. ಮೊಟ್ಟೆ ತಿಂದ ಬೆಳ್ಳಿ ಚಮಚ ಕಪ್ಪಾಗುವುದು ಇದರಿಂದಲೇ.

"ಹಾಗಾದರೆ ಕಪ್ಪು ಸರಿ, ಬಣ್ಣ ಎಲ್ಲಿಂದ ಬಂತು?"

"ಸೋಪಿನ ಗುಳ್ಳೆಗೆ ಬಣ್ಣ ಎಲ್ಲಿಂದ ಬರುತ್ತೆ? ಮಳೆಯ ರಸ್ತೆ ಮೇಲೆ ಬಿದ್ದ ಡೀಸೆಲ್ ಹನಿಗೆ?" ಎಂದಳು. ಆ ಪದರ ಬಹಳ ತೆಳು, ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಅದರ ಮೇಲಿನಿಂದ ಮರಳಿದ ಬೆಳಕೂ ತಳದಿಂದ ಮರಳಿದ ಬೆಳಕೂ ಒಂದನ್ನೊಂದು ಕೂಡಿ ಕಳೆದು, ಪದರದ ದಪ್ಪಕ್ಕೆ ತಕ್ಕ ಬಣ್ಣ ಕಾಣಿಸುತ್ತವೆ. ಮೊದಲು ಗಂಜಿಯಂಥ ತಿಳಿಹಳದಿ, ಆಮೇಲೆ ಕೆಂಗಂದು, ನೇರಳೆ, ನೀಲಿ. ದಪ್ಪವಾಗುತ್ತಾ ಹೋಗಿ ಕಡೆಗೆ ಕಪ್ಪು. ಯಾವ ಬಣ್ಣವನ್ನೂ ಯಾರೂ ಹಚ್ಚಿದ್ದಲ್ಲ. ಬೆಳ್ಳಿ, ಗಾಳಿ, ಕಾಲ ಮೂರೇ ಸೇರಿ ಮಾಡಿದ್ದು.

ಎದ್ದು ಬರುವಾಗ ಅವಳು ಒಂದು ಮಾತು ಸೇರಿಸಿದಳು. "ಉಲ್ಲನ್ನಿನಲ್ಲಿ ಸುತ್ತಿದ್ದಳು ಅಂದೆಯಲ್ಲ, ಉಣ್ಣೆಯಲ್ಲಿ ಗಂಧಕ ಇರುತ್ತೆ ಕಣೆ. ಕೂದಲಲ್ಲಿ ಇರೋ ಹಾಗೆ."

ಅಂದರೆ ಆ ನೀಲಿ, ಆ ನೇರಳೆ ಟೊಪ್ಪಿಯಿಂದ ಬಂದದ್ದು. ಮಗುವಿನ ಟೊಪ್ಪಿ ಐವತ್ತಾರು ವರ್ಷ ಮೆಲ್ಲಗೆ ಅದರ ಮೇಲೆ ಬರೆಯುತ್ತಿತ್ತು. ಇದನ್ನು ಅಮ್ಮನಿಗೆ ಹೇಳಬೇಕೋ ಬೇಡವೋ ಎಂದು ತುಂಬ ದಿನ ಯೋಚಿಸಿದೆ. ಹೇಳಲಿಲ್ಲ.

ಈಗ ಉಜ್ಜುವಿಕೆಯ ವಿಚಾರ. ನಾವು ಕಪ್ಪನ್ನು ತೆಗೆಯುತ್ತೇವೆ ಎಂದುಕೊಂಡಿದ್ದೇವೆ. ಆದರೆ ಕಪ್ಪಾಗಿರುವುದು ಬೆಳ್ಳಿಯೇ. ಹೊರಗಿನಿಂದ ಬಂದು ಕೂತ ಮಸಿಯಲ್ಲ, ಬೆಳ್ಳಿಯ ಮೇಲುಮೈ ಗಂಧಕವನ್ನು ಕೂಡಿಕೊಂಡು ಬೇರೆ ರೂಪ ತಾಳಿರುತ್ತದೆ. ಅದನ್ನು ತಿಕ್ಕಿ ತೆಗೆದಾಗ ಹೋಗುವುದು ನಮ್ಮದೇ ಬೆಳ್ಳಿ. ಮರುವರ್ಷ ಹೊಸ ಮೇಲುಮೈ ಕಪ್ಪಾಗುತ್ತದೆ, ಮತ್ತೆ ತಿಕ್ಕುತ್ತೇವೆ. ವಿಭೂತಿಯ, ಹಲ್ಲುಪುಡಿಯ ಕಣಗಳು ಉಪ್ಪುಕಾಗದದಂತೆ ಗೀರುತ್ತವೆ. ತಿಕ್ಕಿದ ನಾಣ್ಯವನ್ನು ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಕಾಣುತ್ತವೆ. ತಿಕ್ಕದ ಹೊಸ ನಾಣ್ಯದ ಹೊಳಪು ಬೇರೆ ಜಾತಿಯದು. ಅಚ್ಚಿನ ಪೆಟ್ಟಿಗೆ ಲೋಹ ಹರಿದು ನಿಂತ ಸೂಕ್ಷ್ಮ ಗೆರೆಗಳಿಂದ ಅದು ಹುಟ್ಟುತ್ತದೆ. ನಾಣ್ಯವನ್ನು ಓರೆ ಮಾಡಿ ತಿರುಗಿಸಿದರೆ ಗಾಡಿಚಕ್ರದ ಅರಗಳ ಹಾಗೆ ಬೆಳಕು ಸುತ್ತುತ್ತದೆ. ಒಮ್ಮೆ ಉಜ್ಜಿದರೆ ಆ ಚಕ್ರ ನಿಂತಿತು, ಮತ್ತೆ ತಿರುಗಿಸುವ ವಿದ್ಯೆ ಯಾರಲ್ಲೂ ಇಲ್ಲ.

ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯ ನಿಮಗೂ ಗೊತ್ತಿರಬಹುದು. ಕಣ್ಣೆದುರೇ ಕಪ್ಪು ಮಾಯವಾಗುತ್ತದೆ. ಅಲ್ಯೂಮಿನಿಯಂ ಗಂಧಕವನ್ನು ಬಿಡಿಸಿ ಬೆಳ್ಳಿಯನ್ನು ಬೆಳ್ಳಿಯಾಗಿ ಮರಳಿಸುತ್ತದೆ. ತಿಕ್ಕುವುದಕ್ಕಿಂತ ಇದು ಮೇಲು, ನಿಜ. ತಟ್ಟೆ ಲೋಟಗಳಿಗೆ ಮಾಡಿ, ನಾನೂ ಮಾಡುತ್ತೇನೆ. ಆದರೆ ಮರಳಿದ ಬೆಳ್ಳಿ ಮೊದಲಿದ್ದ ಜಾಗದಲ್ಲಿ ಮೊದಲಿದ್ದಂತೆ ಕೂರುವುದಿಲ್ಲ, ನಾಣ್ಯದ ಮುಖ ಮಂಕಾಗಿ ಸುಣ್ಣ ಬಳಿದಂತಾಗುತ್ತದೆ. ಜಗಳವಾಡಿ ರಾಜಿಯಾದ ನೆಂಟರ ಹಾಗೆ, ಎಲ್ಲರೂ ಬಂದಿರುತ್ತಾರೆ, ಮನೆ ಮಾತ್ರ ಮೊದಲಿನದಲ್ಲ.

ನನ್ನ ತಕರಾರು ಇರುವುದು ಹುಣಿಸೆಹಣ್ಣಿನ ಮೇಲಲ್ಲ, ನಮ್ಮ ಮಾತಿನ ಮೇಲೆ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು ಎಂದು ಬೇರೆ ಬೇರೆ ಹೆಸರಿಟ್ಟ ನಮ್ಮ ಹಿರಿಯರ ಮಾತಿನಲ್ಲಿ ಬೆಳ್ಳಿಯ ಈ ಬಣ್ಣಕ್ಕೆ ನಾನು ಕೇಳಿದ್ದು ಒಂದೇ ಮಾತು, "ಕಪ್ಪಾಗಿದೆ". ಕಪ್ಪು ಎಂದಕೂಡಲೇ ನಮಗೆ ಅದು ದೋಷ. ಹೊಸ ಸೊಸೆಯ ಕಾಲುಂಗುರ ಕಪ್ಪಾದರೆ ಮೈಯಲ್ಲಿ ಉಷ್ಣ ಹೆಚ್ಚು, ಕಾಯಿಲೆಯಿದೆ, ದೃಷ್ಟಿಯಾಗಿದೆ, ಕಾಲ್ಗುಣ ಸರಿಯಿಲ್ಲ ಎಂದೆಲ್ಲ ಆಡಿದ್ದನ್ನು ಕಿವಿಯಾರೆ ಕೇಳಿದ್ದೇನೆ. ನನ್ನ ಕಾಲಿಗೂ ಆಡಿದ್ದುಂಟು. ಬೆವರು, ಸೋಪು, ಬಚ್ಚಲ ತೇವ, ಬೆಳ್ಳಿಗೆ ಬೆರೆಸಿದ ತಾಮ್ರ, ಇಷ್ಟು ಸಾಲದೇ ಒಂದು ಉಂಗುರ ಕಪ್ಪಾಗಲು? ಇಡೀ ದಿನ ಪಾತ್ರೆ ಬಟ್ಟೆ ತೊಳೆಯುವವಳ ಕಾಲುಂಗುರವೇ ಹೆಚ್ಚು ಕಪ್ಪಾಗುತ್ತದೆ. ಅವಳ ದುಡಿಮೆಯನ್ನೇ ಅವಳ ದೋಷವೆಂದು ಓದುವುದು ಎಂಥ ಓದು?

ವಿಚಿತ್ರವೆಂದರೆ, ಈಗಿನ ಹೆಣ್ಣುಮಕ್ಕಳು ಅಂಗಡಿಗೆ ಹೋಗಿ ಕಪ್ಪು ಮಾಡಿದ ಬೆಳ್ಳಿಯನ್ನೇ ಕೇಳಿ ತರುತ್ತಾರೆ. "ಆಕ್ಸಿಡೈಸ್ಡ್" ಎಂದು ಅದರ ಹೆಸರು. ಅಸಲಿ ಬೆಳ್ಳಿಯಾದರೆ ಅದರ ಮೇಲಿನ ಕಪ್ಪೂ ಸಾಮಾನ್ಯವಾಗಿ ಇದೇ ಗಂಧಕದ ಪದರ, ಹೆಸರು ಮಾತ್ರ ಆಮ್ಲಜನಕದ್ದು. ಅಗ್ಗದ್ದಾದರೆ ಅನೇಕ ಸಲ ಜರ್ಮನ್ ಸಿಲ್ವರ್, ತಾಮ್ರ ನಿಕ್ಕಲ್ ಸತುವಿನ ಮಿಶ್ರಣ, ಬೆಳ್ಳಿಯ ಸುಳಿವೂ ಇಲ್ಲ. ಅಮ್ಮಂದಿರು ತಿಕ್ಕಿ ತೆಗೆಯುವುದನ್ನು ಮಗಳಂದಿರು ದುಡ್ಡು ಕೊಟ್ಟು ತರುತ್ತಾರೆ!

ಅಮ್ಮನ ರೂಪಾಯಿಯ ಜಾತಕ ತಿಳಿಯೋಣವೆಂದು ಶಿವಮೊಗ್ಗದಲ್ಲಿ ಹಳೆಯ ನಾಣ್ಯ ಕೊಂಡು ಮಾರುವವರೊಬ್ಬರ ಬಳಿ ಹೋದೆ. ಅವರು ಏಳನ್ನೂ ಮಸೂರದಡಿ ಹಿಡಿದು, ಅರ್ಧ ನಿಮಿಷದಲ್ಲಿ, "ತೊಳೆದಿದ್ದೀರಿ" ಎಂದು ಬದಿಗೆ ಸರಿಸಿದರು. ಪರೀಕ್ಷೆಯಲ್ಲಿ ಫೇಲಾದ ಹುಡುಗಿಯ ತಾಯಿಯಂತೆ ನಿಂತೆ. ನಾನು ಅಂದಾಜಿನಲ್ಲಿ ಎತ್ತಿ ಕೊಟ್ಟಿದ್ದ ಆ ಒಂದು, ಐದನೇ ಜಾರ್ಜ್ ದೊರೆಯ 1918ರ ರೂಪಾಯಿ. "ದೊರೆಯ ನಿಲುವಂಗಿಯ ಮೇಲಿನ ಸರದಲ್ಲಿ ಆನೆ ಇದೆ, ಕಾಣುತ್ತಾ?" ಎಂದು ಕೇಳಿದರು. ನನಗೆ ಕಾಣಲಿಲ್ಲ. ಅವರ ಬಳಿಯಿದ್ದ ತಿಕ್ಕದ ಇನ್ನೊಂದರಲ್ಲಿ ತೋರಿಸಿದರು. ಎದೆಯ ಮೇಲೆ ಸಾಸಿವೆಯಷ್ಟು ಆನೆ, ಸೊಂಡಿಲು ಸಮೇತ.

ಆ ಆನೆಗೆ ಒಂದು ಕಥೆಯಿದೆ. 1911ರಲ್ಲಿ ಈ ದೊರೆಯ ಹೆಸರಿನ ಮೊದಲ ರೂಪಾಯಿಗಳು ಬಂದಾಗ ಆನೆಯ ಸೊಂಡಿಲು ಗಿಡ್ಡವಾಗಿ ಅದು ಹಂದಿಯಂತೆ ಕಂಡಿತಂತೆ. ಜನ ಗೊಣಗಿದರು. ಹಂಚದೆ ಉಳಿದವನ್ನು ಸರ್ಕಾರ ತಡೆಹಿಡಿದು ಕರಗಿಸಿ, 1912ರಿಂದ ಸೊಂಡಿಲು ತಿದ್ದಿದ ಅಚ್ಚಿನಲ್ಲಿ ಹೊಡೆಸಿತು. ಸಂಗ್ರಹಕಾರರು 1911ರದನ್ನು ಇಂದಿಗೂ "ಹಂದಿ ರೂಪಾಯಿ" ಎನ್ನುತ್ತಾರೆ. ಒಂದು ಸಾಮ್ರಾಜ್ಯ ಸಾಸಿವೆಯಷ್ಟು ಸೊಂಡಿಲಿಗೆ ಹೆದರಿ ಅಚ್ಚು ಬದಲಿಸಿತು. ಆ ಸೊಂಡಿಲನ್ನು ನಮ್ಮ ಮನೆಯ ವಿಭೂತಿ ನುಂಗಿ ಹಾಕಿದೆ. ನನ್ನ ರೂಪಾಯಿಯಲ್ಲಿ ಆನೆಯೂ ಇಲ್ಲ, ಹಂದಿಯೂ ಇಲ್ಲ. ಬೊಂಬಾಯಿ ಟಂಕಸಾಲೆಯದಾದರೆ ಹಿಂಬದಿಯ ಕೆಳಗಿನ ಹೂವಿನ ಬಳಿ ಚಿಕ್ಕ ಚುಕ್ಕೆ ಇರುತ್ತದೆ, ಕಲ್ಕತ್ತೆಯದಾದರೆ ಇರುವುದಿಲ್ಲ. ನನ್ನದರಲ್ಲಿ ಚುಕ್ಕೆ ಇತ್ತೋ ಇರಲಿಲ್ಲವೋ ಅವರಿಗೂ ಹೇಳಲಾಗಲಿಲ್ಲ. ತಕ್ಕಡಿಗೆ ಹಾಕಿದರು. ಹೊಸದಾಗಿದ್ದಾಗ ಒಂದು ತೊಲ, ಅಂದರೆ 11.66 ಗ್ರಾಂ ಇರಬೇಕಾದದ್ದು 11.3ಕ್ಕೆ ಇಳಿದಿತ್ತು. ಉಳಿದದ್ದು ನಮ್ಮ ಹಿತ್ತಿಲ ಮಣ್ಣಿನಲ್ಲೂ ಸಾವಿರ ಕೈಗಳಲ್ಲೂ ಇದೆ.

1918 ಎಂಬ ಇಸವಿಯ ಬಗ್ಗೆಯೂ ಅವರು ಹೇಳಿದರು, ಆಮೇಲೆ ನಾನೂ ಓದಿಕೊಂಡೆ. ಮೊದಲ ಮಹಾಯುದ್ಧದ ಕಾಲ. ಬೆಳ್ಳಿಯ ಅಭಾವ. 1917ರ ಕೊನೆಯಲ್ಲಿ ಸರ್ಕಾರ ಮೊಟ್ಟಮೊದಲು ಒಂದು ರೂಪಾಯಿಯ ಕಾಗದದ ನೋಟು ತಂದಿತು. ಜನ ಕಾಗದ ಬೇಡ, ಬೆಳ್ಳಿ ಬೇಕೆಂದರು. ಆಗ ಅಮೆರಿಕ 1918ರಲ್ಲಿ ಕಾಯಿದೆ ಮಾಡಿ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ, ಇಪ್ಪತ್ತೈದು ಕೋಟಿಗೂ ಹೆಚ್ಚು ಡಾಲರುಗಳ ಬೆಳ್ಳಿಯನ್ನು ಇಂಡಿಯಾದ ರೂಪಾಯಿಗಾಗಿ ಬ್ರಿಟನ್ನಿಗೆ ಮಾರಿತು. ಆ ಕಾಲದ ರೂಪಾಯಿಗಳಲ್ಲಿ ಅಮೆರಿಕದ ಬೆಳ್ಳಿಯೂ ಇದೆ. ಕಾಗದ ಒಲ್ಲೆನೆಂದು ಬೆಳ್ಳಿಯನ್ನು ಅಕ್ಕಿಯ ಮಡಕೆಯಲ್ಲಿ ಬಚ್ಚಿಟ್ಟವರಲ್ಲಿ ನಮ್ಮ ಅಜ್ಜಿ ಮುತ್ತಜ್ಜಿಯರೂ ಇದ್ದಿರಬೇಕು. ಅವರು ದಡ್ಡರಲ್ಲ. 1940ರಲ್ಲಿ ಅದೇ ರೂಪಾಯಿಯ ಬೆಳ್ಳಿ ನೂರಕ್ಕೆ ತೊಂಬತ್ತೆರಡು ಪಾಲಿನಿಂದ ಐವತ್ತಕ್ಕಿಳಿಯಿತು, 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್.

ಇಷ್ಟೆಲ್ಲ ಕಲಿಸಿದ ಆ ವ್ಯಾಪಾರಿಗೆ ನಾನು ಕೃತಜ್ಞಳು. ಆದರೆ ಅವರ ರುಚಿಯನ್ನೂ ಪೂರ್ತಿ ಒಪ್ಪಲಾರೆ. ಅವರು ಗಾಜಿನ ಪೆಟ್ಟಿಗೆಯಿಂದ ಇನ್ನೊಂದು ರೂಪಾಯಿ ತೆಗೆದರು. ಥೇಟ್ ಅಮ್ಮನದರ ಹಾಗೆ ನೀಲಿ, ನೇರಳೆ. ಬೆಲೆ ಸಾಮಾನ್ಯ ರೂಪಾಯಿಯ ಹಲವು ಪಟ್ಟು. "ಟೋನಿಂಗ್" ಎಂದರು ಅಭಿಮಾನದಿಂದ. ಪಕ್ಕದಲ್ಲಿದ್ದ ಗಿರಾಕಿ ಮಾರಲು ತಂದಿದ್ದ ಬಣ್ಣಗಟ್ಟಿದ ನಾಣ್ಯಕ್ಕೆ ಮಾತ್ರ, "ಟಾರ್ನಿಶ್ ಆಗಿದೆ, ಅಷ್ಟು ಬರೋಲ್ಲ" ಎಂದರು. ಗೆಳತಿ ಕಲಿಸಿದ ರಸಾಯನಶಾಸ್ತ್ರದ ಪ್ರಕಾರ ಎರಡೂ ಒಂದೇ. ಮಾರುವಾಗ ಟೋನಿಂಗ್, ಕೊಳ್ಳುವಾಗ ಟಾರ್ನಿಶ್! ಹೆಣ್ಣು ನೋಡಲು ಬಂದವರು ತಮ್ಮ ಮಗಳ ಬಣ್ಣಕ್ಕೆ ಎಣ್ಣೆಗೆಂಪು ಎಂದೂ ಪರರ ಮಗಳ ಬಣ್ಣಕ್ಕೆ ಕಪ್ಪು ಎಂದೂ ಹೇಳುವಂತೆ.

ಬಣ್ಣಕ್ಕೆ ಬೆಲೆ ಬಂದಮೇಲೆ ಬಣ್ಣ ಬರಿಸುವವರೂ ಹುಟ್ಟಿದ್ದಾರೆ. ಗಂಧಕದ ದ್ರಾವಣ, ಬಿಸಿ, ಮೊಟ್ಟೆ, ಏನೇನೋ ಉಪಾಯ. ಐವತ್ತು ವರ್ಷದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ಬಲ್ಲವರು ಹೇಳುವಂತೆ, ತಾನಾಗಿ ಬಂದ ಬಣ್ಣ ಬಹುಮಟ್ಟಿಗೆ ಅಂಚಿನಿಂದ ಒಳಕ್ಕೆ ಮೆಲ್ಲಗೆ ಕರಗುತ್ತಾ ಬರುತ್ತದೆ, ಅದರಡಿ ಹೊಳಪಿನ ಚಕ್ರ ಉಳಿದಿರುತ್ತದೆ. ಬರಿಸಿದ ಬಣ್ಣ ಅನೇಕ ಸಲ ಬಣ್ಣ ಬಳಿದಂತೆ ಮೇಲೆಯೇ ತೇಲುತ್ತದೆ. ತಿಕ್ಕಿದ್ದನ್ನು ಮುಚ್ಚಲೂ ಇದನ್ನು ಮಾಡುವುದುಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೇಳಿದ್ದೆವು, ಈಗ ನೀಲಿಯಾಗಿರುವುದನ್ನೂ ನಂಬುವಂತಿಲ್ಲ.

ಇನ್ನೊಂದು ಮಾತು. ನಾಣ್ಯಕ್ಕೆ ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಡುವ ಪದ್ಧತಿಯೊಂದು ಈಗ ಎಲ್ಲೆಡೆ ನಡೆಯುತ್ತಿದೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕನ್ನರು ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ ಮಾಡಿದ ಅಳತೆ ಅದು. ಅರವತ್ತರ ಮೇಲಿನ ಅಂಕಗಳೆಲ್ಲ ಚಲಾವಣೆಯೇ ಆಗದ ನಾಣ್ಯಕ್ಕೆ ಮೀಸಲು. ಸಂತೆಗೆ ಹೋಗದ, ಸೆರಗಿನ ಗಂಟಿಗೆ ಬೀಳದ, ಬಾಣಂತಿಯ ದಿಂಬಿನಡಿ ಇರದ, ಮಗುವಿನ ಮುಷ್ಟಿಗೆ ಸಿಗದ ನಾಣ್ಯವೇ ಶ್ರೇಷ್ಠ. ನಾಣ್ಯ ಮಾಡಬೇಕಾದ ಕೆಲಸವನ್ನು ಎಂದೂ ಮಾಡದಿದ್ದದ್ದಕ್ಕೆ ಮೊದಲ ರ‍್ಯಾಂಕು! ಈ ಅಳತೆಯಲ್ಲಿ ಹೆಂಗಸರ ಗಂಟಿನ ರೂಪಾಯಿಗಳೆಲ್ಲ ಮೊದಲೇ ಸೋತಿವೆ. ಸರ ಮಾಡಲು ಕೊಂಡಿ ಬೆಸೆದ ರೂಪಾಯಿ ಅವರ ಭಾಷೆಯಲ್ಲಿ "ಡ್ಯಾಮೇಜ್". ಆ ಸರವನ್ನು ಕೊರಳಲ್ಲಿ ಧರಿಸಿ ಬದುಕು ದೂಡಿದವಳ ಲೆಕ್ಕ ಆ ಪಟ್ಟಿಯಲ್ಲಿಲ್ಲ. ಅಚ್ಚಿನ ಅಂದವನ್ನು ಅಳೆಯಲು ಆ ಅಂಕ ಸರಿ. ನಾಣ್ಯದ ಬಾಳನ್ನು ಅಳೆಯಲು ಸಾಲದು.

ಹಾಗಾದರೆ ಯಾರು ಸರಿ? ಹುಣಿಸೆಹಣ್ಣಿನ ನಾವೋ, ಮಸೂರದ ಅವರೋ? ನನಗೆ ದಾರಿ ತೋರಿಸಿದ್ದು ತಾಳೆಗರಿ. ಸಾಗರದ ಬಳಿಯ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ತಾಳೆಗರಿಗಳಿವೆ. ತಾಳೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರ ಬರಿಗಣ್ಣಿಗೆ ಕಾಣದು. ಮೇಲೆ ಮಸಿ ತಿಕ್ಕಿದಾಗ ಗೀರಿನೊಳಗೆ ಮಸಿ ನಿಂತು ಅಕ್ಷರ ಏಳುತ್ತದೆ. ಯಾವಳಾದರೂ ಅಚ್ಚುಕಟ್ಟಿನ ಗೃಹಿಣಿ ಗರಿ ಕಪ್ಪಾಗಿದೆಯೆಂದು ಸೋಪು ಹಾಕಿ ತೊಳೆದರೆ? ಗರಿ ಚೊಕ್ಕವಾಗುತ್ತದೆ, ಓದಲು ಏನೂ ಉಳಿಯುವುದಿಲ್ಲ. ಅಲ್ಲಿ ಕಪ್ಪೇ ಅಕ್ಷರ. ಆದರೆ ಅದೇ ಗರಿಗೆ ಗೆದ್ದಲು ಹತ್ತಿದರೆ ಸುಮ್ಮನೆ ನೋಡುತ್ತ ಕೂರುವುದೂ ಸಲ್ಲ. ಯಾವುದು ಬರಹ, ಯಾವುದು ಗೆದ್ದಲು ಎಂದು ಬೇರ್ಪಡಿಸುವುದೇ ವಿವೇಕ.

ಅದೇ ಕೆಳದಿಯ ಅರಸರು ಹೊರಡಿಸಿದ ಇಕ್ಕೇರಿ ವರಹ ಚಿನ್ನದ್ದು. ಅದರ ಮೇಲಿನ ಶಿವಪಾರ್ವತಿಯರನ್ನು, 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯೂ ತನ್ನ ವರಹದಲ್ಲಿ ಹಾಗೆಯೇ ಉಳಿಸಿ, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹಾಕಿಸಿದ. ಚಿನ್ನಕ್ಕೆ ಗಂಧಕದ ಗೊಡವೆ ಇಲ್ಲ, ಶತಮಾನಗಳ ಮೇಲೂ ಹಳದಿಯಾಗಿಯೇ ಇರುತ್ತದೆ. ನಾವು ತಪ್ಪುವುದು ಇಲ್ಲೇ. ಚಿನ್ನದ ಗುಣವನ್ನು ಬೆಳ್ಳಿಯಲ್ಲಿ ಕೇಳುತ್ತೇವೆ. ಬೆಳ್ಳಿ ತಾನು ಇದ್ದ ಮನೆಯ ಗಾಳಿಯನ್ನು ಮೈಗೆ ಹಚ್ಚಿಕೊಳ್ಳುವ ಲೋಹ.

ಆದ್ದರಿಂದ ನಾನೀಗ ಮನೆಯ ಬೆಳ್ಳಿಯನ್ನು ಎರಡು ಪಾಲು ಮಾಡಿದ್ದೇನೆ. ದೀಪ, ಭರಣಿ, ಪಂಚಪಾತ್ರೆ ಮತ್ತು ಆಗಲೇ ಉಜ್ಜಿ ಉಜ್ಜಿ ಸವೆದ ಪೂಜೆಯ ರೂಪಾಯಿಗಳು ಒಂದು ಪಾಲು. ಅವು ದೇವರ ಕೆಲಸದವು, ಬೆಳಗಲಿ. ಅವುಗಳನ್ನು ಉಜ್ಜಿದ ಕೈಗಳಿಗೆ ನಾನು ಬೈಯಲಾರೆ, ಆ ಸವಕಲೂ ಒಂದು ಬರಹವೇ. ಎಂದೂ ಉಜ್ಜದ, ಬಣ್ಣ ಬಂದ ನಾಣ್ಯ ಇನ್ನೊಂದು ಪಾಲು. ಅದಕ್ಕೆ ಕೈ ಹಚ್ಚುವುದಿಲ್ಲ. ತೀರ ಜಿಡ್ಡಾಗಿದ್ದರೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಎರಡು ಹನಿ ಮೆದು ಸೋಪು ಬೆರೆಸಿ ಅದ್ದಿ, ಅದೇ ನೀರಿನಲ್ಲಿ ಜಾಲಿಸಿ, ಹತ್ತಿಬಟ್ಟೆಯ ಮೇಲಿಟ್ಟು ಒತ್ತಬೇಕು, ಒರೆಸಬಾರದು. ಹಿಡಿಯುವುದು ಅಂಚಿನಲ್ಲಿ, ಮುಖದ ಮೇಲೆ ಬೆರಳಿಟ್ಟರೆ ಬೆವರಿನ ಗುರುತು ಕೊರೆದಂತೆ ನಿಲ್ಲುತ್ತದೆ. ರಬ್ಬರ್ ಬ್ಯಾಂಡು, ಜಿಗುಟು ಬರುವ ಮೆದು ಪ್ಲಾಸ್ಟಿಕ್ ಕವರು, ಹಳೆಯ ರಟ್ಟಿನ ಡಬ್ಬಿ ಬೇಡ. ಒಗೆದ ಹತ್ತಿಬಟ್ಟೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಸಾಕು. ಹಳದಿ, ನೇರಳೆ, ನೀಲಿ, ಕಪ್ಪು ಕಂಡರೆ ಗಾಬರಿ ಬೇಡ, ಅದು ಬರಹ. ಹಸಿರು ಅಂಟು ಕಂಡರೆ ಮಾತ್ರ ಅದು ಗೆದ್ದಲು. ಬೆಳ್ಳಿಗೆ ಬೆರೆತ ತಾಮ್ರ ತಿನ್ನಿಸಿಕೊಳ್ಳುತ್ತಿದೆ ಎಂದು ತಿಳಿದು ಬಲ್ಲವರಿಗೆ ತೋರಿಸಬೇಕು. ಒಂದು ನಾಣ್ಯ ಯಾವ ಪಾಲಿಗೆ ಸೇರಿದ್ದೆಂದು ತಿಳಿಯದಿದ್ದರೆ ಸುಮ್ಮನಿರುವುದೇ ಒಳ್ಳೆಯದು. ತೊಳೆಯದಿದ್ದದ್ದನ್ನು ನಾಳೆ ತೊಳೆಯಬಹುದು, ತೊಳೆದದ್ದನ್ನು ತೊಳೆಯದಂತೆ ಮಾಡಲಾಗದು.

ಇದನ್ನು ಈಗ ಹೇಳಲು ಕಾರಣವುಂಟು. 2025ರಲ್ಲಿ ಕಿಲೋ ಬೆಳ್ಳಿಯ ಬೆಲೆ ಒಂದೂವರೆ ಲಕ್ಷ ರೂಪಾಯಿ ದಾಟಿತು. ಹಳೆಯ ರೂಪಾಯಿಯೊಂದರಲ್ಲಿ ಹತ್ತೂವರೆ ಗ್ರಾಮಿಗೂ ಮಿಕ್ಕಿ ಶುದ್ಧ ಬೆಳ್ಳಿಯಿದೆ. ಅಜ್ಜಿಯ ಗಂಟುಗಳು ಕುಲುಮೆಯ ಕಡೆ ಹೊರಟಿವೆ. ಕಷ್ಟಕ್ಕೆಂದೇ ಕೂಡಿಟ್ಟದ್ದು, ಕಷ್ಟಕ್ಕೆ ಮಾರಿದರೆ ತಪ್ಪಿಲ್ಲ. ಆದರೆ ಕೊಡುವ ಮುನ್ನ ಗಂಟು ಬಿಚ್ಚಿ, ಬೇರೆಯಾಗಿ ಸುತ್ತಿಟ್ಟದ್ದು ಯಾವುದಾದರೂ ಇದೆಯೇ ನೋಡಿ. ಇದ್ದರೆ, ಬದುಕಿರುವ ಹಿರಿಯರನ್ನು ಕೇಳಿ. ನಾನು ಕೇಳಬೇಕಿತ್ತು. ಅಮ್ಮ ಪಕ್ಕದ ಕೋಣೆಯಲ್ಲೇ ಮಲಗಿದ್ದಳು.

2011ರಲ್ಲಿ ಅಮ್ಮ ಹೋದಳು. ಏಳು ರೂಪಾಯಿಗಳನ್ನು ನಾವು ಅಕ್ಕತಂಗಿಯರು ಹಂಚಿಕೊಂಡೆವು. 1918ರದನ್ನು ನಾನು ಕೇಳಿ ಪಡೆದೆ. ಅದೇ ಮಗುವಿನದು ಎಂದು ಆಣೆ ಇಟ್ಟು ಹೇಳಲಾರೆ, ಉಳಿದ ಆರರಲ್ಲಿ ಯಾವುದಾದರೂ ಆಗಿರಬಹುದು. ಅದನ್ನು ಆ ಉಲ್ಲನ್ ತುಂಡಿನಲ್ಲೇ ಸುತ್ತಿಟ್ಟಿದ್ದೇನೆ. ಉಣ್ಣೆ ಬೇಡವೆಂದು ಗೆಳತಿ ಹೇಳುತ್ತಾಳೆ, ಸಂಗ್ರಹಕಾರರೂ ಹೇಳುತ್ತಾರೆ. ನಿಮಗೂ ನಾನು ಅದನ್ನೇ ಹೇಳುತ್ತೇನೆ. ಇದೊಂದರ ವಿಷಯದಲ್ಲಿ ಮಾತ್ರ ನನ್ನ ವಿಮರ್ಶೆಯನ್ನು ನಾನೇ ಪಾಲಿಸಿಲ್ಲ.

ಕಳೆದ ಶ್ರಾವಣದಲ್ಲಿ ಹಬ್ಬಕ್ಕೆ ಬಂದಿದ್ದ ಮಗಳು ಹುಣಿಸೆಹಣ್ಣು ನೆನೆಹಾಕಿ, "ಅಮ್ಮಾ, ಆ ರೂಪಾಯಿನೂ ಕೊಡು" ಎಂದಳು. ದೀಪಗಳನ್ನು ಅವಳ ಮುಂದಿಟ್ಟು, ಇದನ್ನು ಮಾತ್ರ ಬಿಚ್ಚಿ ತೋರಿಸಿದೆ. ಅಂಚಿನಲ್ಲಿ ಒಂದು ಕಡೆ ಗಂಜಿಯಂಥ ಹಳದಿ ಬಂದಿದೆ. ನೀಲಿಗೆ ಇನ್ನೂ ಬಹಳ ವರ್ಷ ಬೇಕು. ಅದು ಯಾರದೆಂದು ಅವಳು ಕೇಳಿದಳು. ಕೂತುಕೊಂಡು ಮೊದಲಿನಿಂದ ಹೇಳಿದೆ.